ಕುಂದಗೋಳದ ವಾಡೇದಾಗ ಒಂದು ಚಪ್ಪಾಳಿ

ನಂದು ಹುಬ್ಬಳ್ಳ್ಯಾಗ ಮೈಕ್ ಸೆಟ್ ಕೆಲಸ. ಹೋದ ತಿಂಗಳ ಒಂದು ಕಲ್ಯಾಣ ಮಂಟಪದಾಗ ಮರ್ಯಾದಿ ಹೋತ್ರಿ. ಕೆಳಗ ಗ್ರಾನೈಟ್, ಬಾಜೂಕ ಗಾಜು, ಮ್ಯಾಲ ಕಾಂಕ್ರೀಟ್, ಹಾಡವ್ರು ಒಮ್ಮೆ 'ಸಾ' ಅಂದ್ರ ಹಾಲ್ ನಾಕ್ ಸಲ 'ಸಾ' ಅಂತಿತ್ತು, ಅದ್ರಾಗ ಮೈಕ್ ಕುಂಯ್ ಅಂತ ಒದರಿ ಮದುಮಗನ ಸ್ವಾದರಮಾವ ನನ್ನ ಕಡೆ ತಿರಗಿ ನೋಡಿದ ನೋಟ ಇನ್ನೂ ಕಣ್ಣಾಗ ಐತಿ. ತಬಲಾ ನುಡಸೂ ನಮ್ಮ ದೋಸ್ತ ಅಂದ, ಏ ಒಮ್ಮೆ ಕುಂದಗೋಳದ ನಾಡಗೀರ ವಾಡೆ, ಅಂದ್ರ ನಾಡಗೀರ ಮನೆತನದವ್ರ ಹಳೇ ದೊಡ್ಡ ಮನಿ, ನೋಡೂಣು ಬಾ, ಮಷಿನ್ ಇಲ್ಲದ ಗಾಯನ ಹೆಂಗ ನಡೀತಿತ್ತು ನಿನಗೂ ತಿಳೀಲಿ.

ರವಿವಾರ ಹೊಂಟ್ವಿ. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಾಗ ಎಲ್ಲಾದ್ರಕಿಂತ ಉದ್ದ ಅಂತಾರ, ನಮ್ಮ ಡಬ್ಬಿ ಆ ತುದೀಗೆ ಇತ್ತು, ಮುಂದಿಂದು ಕೇಳಬ್ಯಾಡ್ರಿ. ಗಾಡಿ ಹತ್ತಿದ ಮ್ಯಾಲ ಕಿಡಕ್ಯಾಗ ಬರೇ ಎರಿ ಹೊಲ. ಗಂಗೂಬಾಯಿ ಹಾನಗಲ್ಲರು ಇದ ಲೈನಿನ ಗಾಡಿ ಹತ್ತಿ ಕುಂದಗೋಳದ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಹತ್ರ ಪಾಠಕ್ಕ ಬರ್ತಿದ್ರು, ಗದಗಿನ ಹುಡುಗ ಭೀಮಸೇನ ಜೋಶಿ ಅಂತೂ ಗುರುಗಳ ಮನ್ಯಾಗ ನೀರು ಹೊತ್ತು ಕಲ್ತವ್ರು. ಸವಾಯಿ ಅಂದ್ರ ಒಂದೂಕಾಲು. ಗಂಧರ್ವಗಿಂತ ಕಾಲು ಪಾಲು ಹೆಚ್ಚಿಗಿ, ಎಂಥಾ ಬಿರುದು ನೋಡ್ರಿ. 1886ರಾಗ ಹುಟ್ಟಿದ ರಾಮಭಾವು ಅವ್ರು, ಅಬ್ದುಲ್ ಕರೀಂ ಖಾನರ ಶಿಷ್ಯ, ಕಿರಾಣಾ ಘರಾಣೆ ಅನ್ನೂ ಹಾಡಿಕಿ ಪರಂಪರೆಯವ್ರು.

ಮನಿಯವ್ರನ್ನ ಕೇಳಿ ಒಳಗ ಹೋದ್ವಿ. ಕಟ್ಟಿಗಿ ಕಂಬ, ದಪ್ಪನ್ ಗ್ವಾಡಿ, ಒಳಗ ಕಾಲಿಟ್ಟ ಕೂಡ್ಲೆ ಹೊರಗಿನ ಬೈಕಿನ ಹಾರ್ನ್ ಯಾರೋ ಅರಿವಿ ಹೊಚ್ಚಿಧಂಗ ಸಣ್ಣದಾತು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಇಲ್ಲೇ ಅಹೋರಾತ್ರಿ ಗಾಯನ ನಡಿಯೂದು, ಜನ ನೆಲದ ಮ್ಯಾಲ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತು ಬೆಳತನಕ ಕೇಳ್ತಾರ.

ನಂಗ ಚಟ ಐತಿ, ಹೊಸಾ ಹಾಲಿಗೆ ಹೋದ್ರ ಮೊದ್ಲ ಚಪ್ಪಾಳಿ ಹೊಡಿಯೂದು. ಹೊಡದೆ. ಟಪ್ ಅಂತು, ಒಂದ್ ಗಳಿಗಿ ದುಂಡಗ ನಿಂತು ಹೋತು, ಬಾಲ ಇಲ್ಲ. ಮಂಟಪದಾಗ ಹಿಂದಿನ ಗ್ವಾಡಿ 17 ಮೀಟರ್‌ಕಿಂತ ದೂರ ಇದ್ರ ಧ್ವನಿ ಹೋಗಿ ಬರೂದ್ರಾಗ ಸೆಕೆಂಡಿನ ಹತ್ತರಾಗ ಒಂದ್ ಪಾಲು ದಾಟತೈತಿ, ಆಗ ಕಿವಿ ಅದನ್ನ ಬ್ಯಾರೇನ ಧ್ವನಿ ಅಂತ ಹಿಡೀತೈತಿ, ಅದ ಮಾರ್ದನಿ. ಇಲ್ಲಿ ಗ್ವಾಡಿ ಹತ್ರ, ಕಂಬಕ್ಕ ಬಡದ ಧ್ವನಿ ನಾಕೂ ದಿಕ್ಕಿಗೆ ಚೂರಾಗಿ ಮೂಲದ ಧ್ವನಿ ಜೋಡಿನ ಕೂಡ್ಕೊತೈತಿ. ದೋಸ್ತ ಮೂಲ್ಯಾಗ ಹೋಗಿ ಮೆಲ್ಲಕ ಷಡ್ಜ, ಅಂದ್ರ 'ಸಾ', ಹಿಡದ, ನಾ ಆ ಕಡೆ ತುದ್ಯಾಗ ಕಣ್ಣು ಮುಚ್ಚಿದ್ರ ಬಾಜೂಕ ಕೂತು ಹಾಡಿಧಂಗ ಇತ್ತು, ಉಸರು ತುಗೊಂಡಿದ್ದೂ ಕೇಳಿಸ್ತು. (ಅವನ ಸುರ ಒಂಚೂರು ಇಳದಿತ್ತು, ಅದೂ ಕೇಳಿಸ್ತು. ವಾಡೆ ಯಾರ ಮುಲಾಜಿಗೂ ಬೀಳಂಗಿಲ್ಲ.)

ಅಮೆರಿಕಾದಾಗ ಸ್ಯಾಬೀನ್ ಅಂತ ಒಬ್ಬ ಪ್ರೊಫೆಸರ್ ಇದ್ದ, ರಾತ್ರೆಲ್ಲಾ ಥೇಟರಿನ ಖುರ್ಚಿ ಗಾದಿ ಹೊತ್ಗೊಂಡ್ ಬಂದು, ಎಷ್ಟ್ ಗಾದಿ ಇಟ್ರ ಖೋಲ್ಯಾಗ ಧ್ವನಿ ಎಷ್ಟ್ ಹೊತ್ತು ಉಳೀತೈತಿ ಅಂತ ಅಳದು ಸೂತ್ರ ಕಟ್ಟಿದ, 1900ರಾಗ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಆ ಲೆಕ್ಕದ ಮ್ಯಾಲ ಎದ್ದಿದ್ದು. ಕುಂದಗೋಳದಾಗ ಯಾರೂ ಲೆಕ್ಕಾ ಹಾಕಿದ್ದಿಲ್ಲ, ವಾಡೆ ಕಟ್ಟಿದ್ದು ಇರಾಕ, ಹಾಡಾಕಲ್ಲ. ಹಾಸಿದ ಜಮಖಾನಿ, ಕೂತ ಜನ, ಅವ್ರ ಧೋತರ ಸೀರಿ, ಧ್ವನಿ ಹೀರಾಕ ಇಲ್ಲಿ ಇವ ಸ್ಯಾಬೀನನ ಗಾದಿ.

ಬರೂ ವಾರ ಅದ ಮಂಟಪದಾಗ ಮತ್ತೊಂದು ಮದವಿ ಐತಿ. ಹತ್ತು ಜಮಖಾನಿ ಬಾಡಿಗಿಗೆ ಹೇಳಿ, ನೆಲಕ್ಕ ಹಾಸ್ತೀನ್ರಿ ಅಂತ ಮಂಟಪದವ್ರಿಗೆ ಫೋನ್ ಹಚ್ಚಿದ್ರ, ಅವ್ರು 'ರೊಕ್ಕಾ ಸುರದು ಗ್ರಾನೈಟ್ ಹಾಕ್ಸೇವಿ, ಅದನ್ನ ಮುಚ್ಚಿ ಏನ್ ಮಾಡ್ತೀಯೋ' ಅಂದ್ರು.