ನೀರಿನ ನಲ್ಲಿಗೂ ಕಸದ ಚೀಲಕ್ಕೂ ಗಂಟು ಹಾಕಬೇಡಿ

ಉಡುಪಿ ನಗರಕ್ಕೆ ಅಂಟಿಕೊಂಡಿರುವ, ಜನಗಣತಿಯಲ್ಲಿ ಪಟ್ಟಣವೆನಿಸಿದರೂ ಆಡಳಿತದಲ್ಲಿ ಗ್ರಾಮ ಪಂಚಾಯತ್ ಆಗಿಯೇ ಉಳಿದಿರುವ ಊರೊಂದರಲ್ಲಿ ನಾನು ಪಿಡಿಒ. ಹಕ್ಕು ಮತ್ತು ಹೊಣೆಗಾರಿಕೆಯ ಚರ್ಚೆ ನನಗೆ ಎದುರಾಗುವುದು ಬಹುಪಾಲು ಕಸದ ವಿಷಯದಲ್ಲಿ. ಗ್ರಾಮಸಭೆಯಲ್ಲಿ ಒಬ್ಬರು ಎದ್ದು, "ನಾನು ಮನೆ ತೆರಿಗೆ ಕಟ್ಟುತ್ತೇನೆ, ಕಸ ಒಯ್ಯುವುದು ಪಂಚಾಯತಿನ ಕೆಲಸ, ಹಸಿ ಕಸ ಒಣ ಕಸ ಅಂತ ಬೇರೆ ಮಾಡುತ್ತ ಕೂರಲು ನನ್ನಿಂದ ಆಗುವುದಿಲ್ಲ" ಎನ್ನುತ್ತಾರೆ. ಅವರು ಕೂರುವ ಮೊದಲೇ ಹಿಂದಿನ ಸಾಲಿನಿಂದ ಇನ್ನೊಬ್ಬರು, "ಇಂಥವರ ನೀರು ಕಟ್ ಮಾಡಿ ಸರ್, ಆಸ್ತಿಯ ನೈನ್ ಇಲೆವೆನ್ ದಾಖಲೆ ಕೊಡಬೇಡಿ, ಆಗ ಬುದ್ಧಿ ಬರುತ್ತದೆ" ಎನ್ನುತ್ತಾರೆ. ಚಪ್ಪಾಳೆ ಬೀಳುವುದು ಎರಡನೆಯ ಮಾತಿಗೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಅಪಾಯದ ಮಾತೂ ಅದೇ.

ಕರ್ತವ್ಯ ಮಾಡಿದವರಿಗೆ ಮಾತ್ರ ಹಕ್ಕು ಎಂಬ ಲೆಕ್ಕಾಚಾರ ಕೇಳಲು ನ್ಯಾಯವಾಗಿಯೇ ತೋರುತ್ತದೆ. ಆದರೆ ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. ಮಾಲಿನ್ಯವಿಲ್ಲದ ನೀರನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಪರಿಸರವನ್ನು ಕಾಪಾಡುವ ಕರ್ತವ್ಯ 1976ರ 42ನೇ ತಿದ್ದುಪಡಿಯಿಂದ 51ಎ ವಿಧಿಯಾಗಿ ಸೇರಿದ್ದು ನಿಜ. ಆದರೆ ಆ ವಿಧಿಯೊಂದನ್ನೇ ಹಿಡಿದು ಯಾರನ್ನೂ ಶಿಕ್ಷಿಸಲಾಗದು, ಅದಕ್ಕೆ ಪ್ರತ್ಯೇಕ ಕಾನೂನು ಬೇಕು. ಕಸದ ಮಟ್ಟಿಗೆ ಅಂಥ ಕಾನೂನಾಗಿ ಬಂದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಹಸಿ, ಒಣ ಮತ್ತು ಮನೆಯ ಅಪಾಯಕಾರಿ ಕಸವನ್ನು ಬೇರ್ಪಡಿಸುವ ಹೊಣೆಯನ್ನು ಕಸ ಮಾಡುವವರ ಮೇಲೆಯೇ ಹೊರಿಸಿ, ತಪ್ಪಿದರೆ ಸ್ಥಳೀಯ ಸಂಸ್ಥೆಯ ಬೈಲಾ ಮೂಲಕ ದಂಡ ಹಾಕಲು ದಾರಿ ಮಾಡಿಕೊಟ್ಟವು. ಕಸ ಬೇರ್ಪಡಿಸದ ತಪ್ಪಿಗೆ ಅದರದೇ ದಂಡವಿದೆ, ಅದನ್ನು ನೀರಿನ ನಲ್ಲಿಗೆ ತಂದು ಕಟ್ಟುವ ಅಧಿಕಾರ ನನಗೂ ಇಲ್ಲ, ಸಭೆಗೂ ಇಲ್ಲ.

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 29ನೇ ವಿಧಿಯನ್ನು ನಾನು ಈ ಕೆಲಸಕ್ಕೆ ಬಂದ ಮೇಲೆಯೇ ಗಮನವಿಟ್ಟು ಓದಿದ್ದು. ಪ್ರತಿಯೊಬ್ಬರಿಗೂ ಸಮುದಾಯದ ಕಡೆಗೆ ಕರ್ತವ್ಯಗಳಿವೆ ಎಂದು ಹೇಳುವ ಆ ವಿಧಿಯೇ, ಹಕ್ಕಿಗೆ ಮಿತಿ ಹಾಕುವುದಾದರೆ ಅದು ಕಾನೂನಿನ ಮೂಲಕವೇ ಆಗಬೇಕು ಮತ್ತು ಇತರರ ಹಕ್ಕು, ಸಾರ್ವಜನಿಕ ಸುವ್ಯವಸ್ಥೆ, ಎಲ್ಲರ ಹಿತದಂಥ ಕಾರಣಗಳಿಗಷ್ಟೇ ಆಗಬೇಕು ಎಂದೂ ಕಟ್ಟುಹಾಕುತ್ತದೆ. ಹಾಗಾದರೆ ಕಸದಲ್ಲಿ ಆ ಇತರರು ಯಾರು? ಸಭೆಯಲ್ಲಿ ಚಪ್ಪಾಳೆ ತಟ್ಟಿದವರೂ ಇದನ್ನು ಕೇಳಲಿಲ್ಲ.

ನಮ್ಮಲ್ಲಿ ಅವರು ಪಂಚಾಯತಿನ ಕಸದ ಘಟಕದಲ್ಲಿ ಕೂತು ಕೈಯಲ್ಲಿ ಕಸ ಆರಿಸುವ, ಸಂಜೀವಿನಿ ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರು. ಒಣ ಕಸದ ಚೀಲದಲ್ಲಿ ಮಗುವಿನ ಡೈಪರ್, ಒಡೆದ ಬಾಟಲಿ, ಸಕ್ಕರೆ ಕಾಯಿಲೆಯವರು ಬಳಸಿ ಎಸೆದ ಸೂಜಿ ಒಟ್ಟಿಗೆ ಬಂದರೆ ಗಾಯವಾಗುವುದು ಅವರ ಬೆರಳಿಗೆ. ಇನ್ನೂ ದೂರ ನೋಡುವುದಾದರೆ ಮಂಗಳೂರಿನ ಮಂದಾರದವರಿದ್ದಾರೆ: 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಬಂದಾಗ ಅವರ ಮನೆಗಳೂ ಅಡಿಕೆ ತೋಟಗಳೂ ಅದರಡಿ ಸೇರಿದವು, ಆ ಗುಡ್ಡಕ್ಕೆ ಚೀಲ ಕಳಿಸಿದ ಯಾರ ಅಂಗಳಕ್ಕೂ ಅದು ಬರಲಿಲ್ಲ. ಆದ್ದರಿಂದ ನಮ್ಮ ನೋಟಿಸಿನ ಒಕ್ಕಣೆಯನ್ನೇ ಬದಲಿಸಿದೆವು. "ಪಂಚಾಯತಿನೊಂದಿಗೆ ಸಹಕರಿಸಿ" ಎಂಬುದನ್ನು ತೆಗೆದು, ನಿಮ್ಮ ಚೀಲವನ್ನು ಬಿಚ್ಚುವವರು ನಿಮ್ಮದೇ ಊರಿನ ಹೆಂಗಸರು, ಸೂಜಿ ಮತ್ತು ಗಾಜನ್ನು ಬೇರೆಯಾಗಿ ಸುತ್ತಿ ಕೊಡಿ ಎಂದು ಬರೆದೆವು. ಕೈಗವಸು, ಮಾಸ್ಕ್, ರೈನ್‌ಕೋಟ್, ಬೂಟು ಒದಗಿಸುವುದು ಅದೇ 2016ರ ನಿಯಮಗಳು ಸ್ಥಳೀಯ ಸಂಸ್ಥೆಗೆ ಹೇಳಿದ ಹೊಣೆಯಾದ ಕಾರಣ, ಅವನ್ನು ಕೊಡದೆ ಜನರಿಗೆ ನೋಟಿಸು ಕಳಿಸುವುದು ಸರಿಯಲ್ಲವೆಂದು ಮೊದಲು ಆ ಖರೀದಿ ಮುಗಿಸಿದೆವು.

ಚೀಲ ಕೊಡದ ಮನೆಗಳ ಪಟ್ಟಿ ಹಿಡಿದು ಹೋದಾಗ ತಿಳಿದ ಸಂಗತಿ ಬೇರೆಯೇ ಇತ್ತು. ಘಟ್ಟದ ಮೇಲಿನ ಊರುಗಳಂತೆ ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ತೋಟದ ನಡುವೆ ಒಂದು, ಗದ್ದೆಯಾಚೆ ಇನ್ನೊಂದು. ಮಕ್ಕಳೆಲ್ಲ ಮುಂಬೈಯಲ್ಲೋ ದುಬೈಯಲ್ಲೋ ಇದ್ದು ಒಬ್ಬರೇ ಇರುವ ವಯಸ್ಸಾದ ಅಮ್ಮನಿಗೆ, ಆಷಾಢದ ಮಳೆಯಲ್ಲಿ ಗದ್ದೆಯ ಹುಣಿಯ ಮೇಲೆ ಚೀಲ ಹೊತ್ತು ಗಾಡಿ ನಿಲ್ಲುವ ರಸ್ತೆಗೆ ಬರುವುದು ಆಗದ ಮಾತು. ಬಾಡಿಗೆ ಕೋಣೆಗಳಲ್ಲಿ ಇಕ್ಕಟ್ಟಾಗಿ ಬದುಕುವ ಹೊರರಾಜ್ಯದ ಕಾರ್ಮಿಕರಿಗೆ ಮಾಲೀಕರು ಒಂದು ಬಕೆಟ್ಟನ್ನೂ ಇಟ್ಟಿರಲಿಲ್ಲ. ಇವರನ್ನು ಹೊಣೆಗೇಡಿಗಳೆನ್ನುವುದು ಅನ್ಯಾಯ. ಕಾರ್ಮಿಕರ ವಿಷಯದಲ್ಲಿ ನೋಟಿಸು ಹೋದದ್ದು ಮಾಲೀಕರಿಗೆ. ಒಂಟಿ ಹಿರಿಯರ ಮನೆಗೆ ತಿಂಗಳಿಗೊಮ್ಮೆ ಒಳಗೇ ಹೋಗಿ ಒಣ ಕಸ ತರುವ ಏರ್ಪಾಟು ಆಯಿತು.

ಗ್ರಾಮಸಭೆಯಲ್ಲಿ ಮೊದಲು ಎದ್ದ ಆ ಮಹನೀಯರು ಈಗ ಕಸ ಬೇರ್ಪಡಿಸಿ ಕೊಡುತ್ತಾರೆ, ಆದರೆ ತಿಂಗಳ ಶುಲ್ಕದ ಬಗ್ಗೆ ಅವರ ತಕರಾರು ಮುಗಿದಿಲ್ಲ. ವಸೂಲಾದ ಹಣ ಎಷ್ಟು, ಗಾಡಿಯ ಡೀಸೆಲ್‌ಗೆ ಎಷ್ಟು, ಅಕ್ಕಂದಿರ ಸಂಬಳಕ್ಕೆ ಎಷ್ಟು ಎಂದು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಮಾಹಿತಿ ಹಕ್ಕಿನ ಅರ್ಜಿ ಬರುವವರೆಗೆ ಕಾಯದೆ, ಆ ಲೆಕ್ಕವನ್ನು ತಿಂಗಳು ತಿಂಗಳು ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇವೆ.