ಮಂಗನ ಕಾಯಿಲೆಯ ಊರಿನಿಂದ ಲಸಿಕೆಯ ಊರಿಗೆ

ನಾವು ಪುಣೆಯ ಹಡಪ್ಸರಕ್ಕೆ ಬಂದು ನೆಲೆಸಿದ್ದು ಗಂಡನ ಕೆಲಸಕ್ಕಾಗಿ. ಡೋಸುಗಳ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಲಸಿಕೆ ತಯಾರಿಸುವ ಸೀರಮ್ ಇನ್‌ಸ್ಟಿಟ್ಯೂಟ್ ಇದೇ ಹಡಪ್ಸರದಲ್ಲಿದ್ದರೂ, ಆಟೋದವರಿಗೆ ಮನೆಯ ದಾರಿ ಹೇಳುವಾಗಲಷ್ಟೇ ಅದರ ಹೆಸರು ನಮ್ಮ ಬಾಯಿಗೆ ಬರುತ್ತಿತ್ತು. 2022ರ ಜುಲೈಯಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಸಾಗರ ತಾಲ್ಲೂಕಿನ ಕಾಡಂಚಿನ ಊರಿನಿಂದ ಬಂದಿದ್ದ ಅಮ್ಮ, ಮಗುವಿನ ಆರನೆಯ ವಾರದ ಲಸಿಕೆಯ ಮಾತು ಬಂದಾಗ ಕೈಯಲ್ಲಿದ್ದ ಎಣ್ಣೆ ಬಟ್ಟಲನ್ನು ಕೆಳಗಿಟ್ಟು, "ಒಂದೇ ದಿನ ಮೂರು ಚುಚ್ಚಿಸ್ತೀಯಾ? ಈ ಎಳೇ ಮೈಗೆ? ನಾನು ಚುಚ್ಚಿಸಿಕೊಂಡು ಪಟ್ಟಿದ್ದು ಸಾಲದಾ?" ಎಂದು ಕೇಳಿದಳು.

ಮಲೆನಾಡಿನವರಿಗೆ ಈ ಪ್ರಶ್ನೆಯ ಹಿನ್ನೆಲೆಯನ್ನು ಹೇಳಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಅದಕ್ಕೆ ಕಾರಣವಾದ, ಉಣುಗಿನಿಂದ ಹರಡುವ ವೈರಸ್ಸನ್ನು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಅದೇ ಕೇಂದ್ರ ಈಗ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿ ಇಲ್ಲಿನ ಅಂಬೇಡ್ಕರ್ ರಸ್ತೆಯಲ್ಲಿದೆ, ಬಸ್ಸಿನಲ್ಲಿ ಹೋಗುವಾಗ ಅಮ್ಮನಿಗೆ ತೋರಿಸಿದ್ದೇನೆ. ಮಂಗನ ಕಾಯಿಲೆಗೆ ಮುಂದೆ ಬಂದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳ ಬಳಿಕ ಮತ್ತೊಮ್ಮೆ, ಅದಾದ ಮೇಲೆ ವರ್ಷ ವರ್ಷವೂ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ತೋಳು ಬಾತು, ಎರಡು ದಿನ ಹಾಲು ಕರೆಯುವುದಕ್ಕೂ ಆಗುತ್ತಿರಲಿಲ್ಲವೆಂದು ಅಮ್ಮ ಹೇಳುತ್ತಾಳೆ. ಇಷ್ಟಾದರೂ ಸಿಗುತ್ತಿದ್ದ ರಕ್ಷಣೆ ಎಷ್ಟು? 2005ರಿಂದ 2010ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಪ್ರಕಾರ ಎರಡು ಡೋಸಿನಿಂದ ಸುಮಾರು ಶೇ. 62, ಮೂರನೆಯದೂ ಸೇರಿದರೆ ಸುಮಾರು ಶೇ. 83. ಲಸಿಕೆ ಹಾಕಿಸಿಕೊಂಡೂ ಜ್ವರದಲ್ಲಿ ಮಲಗಿದವರು ನಮ್ಮ ಕೇರಿಯಲ್ಲೇ ಇದ್ದರು. 2019ರಲ್ಲಿ ನಮ್ಮ ತಾಲ್ಲೂಕಿನದೇ ಆದ ಅರಳಗೋಡಿನ ಕಡೆ ಕಾಯಿಲೆ ಉಲ್ಬಣಿಸಿದಾಗ ಊರವರ ನಂಬಿಕೆ ಇನ್ನಷ್ಟು ಕುಸಿಯಿತು. ಕೊನೆಗೆ, ಪರಿಣಾಮ ಕುಂದಿದೆಯೆಂಬ ಕಾರಣಕ್ಕೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು.

ಹಾಗಾಗಿ ಅಮ್ಮನ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ತನ್ನ ತೋಳಿನ ನೋವನ್ನೂ ಪಕ್ಕದ ಮನೆಯವರ ಜ್ವರವನ್ನೂ ಎದುರುಬದುರು ಇಟ್ಟು ತೂಗಿದ್ದಳು. ಆಕೆಯ ತೂಕ ತಪ್ಪಾಗಿರಲಿಲ್ಲವೆಂದು ಸರಕಾರವೂ ಆ ವರ್ಷ ಒಪ್ಪಿದಂತಾಯಿತು. ತಪ್ಪಿದ್ದು ಎಲ್ಲಿ ಎಂದರೆ, ಒಂದು ಲಸಿಕೆಗೆ ಬಂದ ತೂಕವನ್ನೇ ಬೇರೆಲ್ಲ ಲಸಿಕೆಗಳಿಗೂ ಹಚ್ಚಿದ್ದರಲ್ಲಿ. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಟ್ಟಾಗಿ ಕೇಳುವವರೂ, ಎಲ್ಲ ಲಸಿಕೆಯೂ ಸಂಪೂರ್ಣ ಸುರಕ್ಷಿತ ಎಂದು ಒಟ್ಟಾಗಿ ಉತ್ತರಿಸುವವರೂ ಇದೇ ತಪ್ಪನ್ನು ಮಾಡುತ್ತಾರೆಂದು ನನಗೆ ತೋರುತ್ತದೆ. ಯಾವ ಲಸಿಕೆ, ಯಾವ ರೋಗಕ್ಕೆ, ಯಾವ ಕಾಲದಲ್ಲಿ ಎಂದು ಕೇಳದೆ ತಕ್ಕಡಿ ಹಿಡಿಯುವುದು ಹೇಗೆ?

ಪೋಲಿಯೊ ಹನಿಯನ್ನೇ ನೋಡಿ. ಅದರಲ್ಲಿರುವುದು ಜೀವಂತವಾದ, ಆದರೆ ಬಲಗುಂದಿಸಿದ ವೈರಸ್. ಲಕ್ಷಾಂತರ ಡೋಸುಗಳಲ್ಲಿ ಒಮ್ಮೆ ಅದೇ ಪಾರ್ಶ್ವವಾಯುವಿಗೆ ಕಾರಣವಾಗಬಲ್ಲದು. ಊರೂರಿನಲ್ಲಿ ಮಕ್ಕಳು ಕಾಲು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಆ ಅಪಾಯ ತೃಣದಷ್ಟಾಗಿತ್ತು. ಆದರೆ ಎರಡನೆಯ ಮಾದರಿಯ ಪೋಲಿಯೊ ವೈರಸ್ 1999ರ ಬಳಿಕ ಜಗತ್ತಿನ ಎಲ್ಲಿಯೂ ನಿಸರ್ಗದಲ್ಲಿ ಕಾಣಿಸಿಕೊಳ್ಳಲಿಲ್ಲವಾದ್ದರಿಂದ, ಹನಿಯಲ್ಲಿ ಅದನ್ನು ಇಟ್ಟುಕೊಂಡಿರುವುದೇ ಅಪಾಯವೆನಿಸಿತು. 2016ರ ಏಪ್ರಿಲ್ 25ರಂದು ಭಾರತ ಆ ಹಳೆಯ ಹನಿಯನ್ನು ಕೈಬಿಟ್ಟು, ಉಳಿದೆರಡು ಮಾದರಿಗಳ ಹನಿಯನ್ನು ತಂದಿತು. ಜೊತೆಗೆ ನಿರ್ಜೀವ ವೈರಸ್ಸಿನ ಚುಚ್ಚುಮದ್ದೂ ಪಟ್ಟಿಗೆ ಸೇರಿತು. ಶಿಶುಗಳಿಗೆ ತೀವ್ರ ಭೇದಿ ತರುವ ರೋಟಾವೈರಸ್ಸಿಗೆ ಅಮೆರಿಕದಲ್ಲಿ ಬಂದಿದ್ದ ಮೊದಲ ಲಸಿಕೆ, ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಕರುಳು ಕರುಳಿನೊಳಗೆ ಸೇರಿಕೊಳ್ಳುವ ತೊಂದರೆ ತರುತ್ತಿತ್ತೆಂದು ಗೊತ್ತಾದೊಡನೆ, 1999ರಲ್ಲೇ ಮಾರುಕಟ್ಟೆಯಿಂದ ಹೊರಬಿತ್ತು. ಇಂದಿನ ರೋಟಾವೈರಸ್ ಹನಿಗಳಲ್ಲಿ ಆ ಅಪಾಯ ಅದಕ್ಕಿಂತ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ.

ಆರನೆಯ ವಾರದ ದಿನ ಮಹಾನಗರಪಾಲಿಕೆಯ ದವಾಖಾನೆಗೆ ಹೋದೆವು. ಅದಕ್ಕೂ ಮೊದಲು ಒಂದು ಖಾಸಗಿ ಆಸ್ಪತ್ರೆಯಲ್ಲಿ 'ನೋವಿಲ್ಲದ' ಲಸಿಕೆಯ ಬೆಲೆಪಟ್ಟಿಯನ್ನು ನಮ್ಮ ಕೈಗಿಟ್ಟಿದ್ದರು. ಕೆಲವು ಸಾವಿರ ರೂಪಾಯಿಯ ಮಾತು. ಹಲವು ರೋಗಗಳಿಗೆ ಒಟ್ಟಿಗೆ ಸೇರಿಸಿ ಕೊಡುವ ಈ ಲಸಿಕೆಯಲ್ಲಿ ವ್ಯತ್ಯಾಸವಿರುವುದು ನಾಯಿಕೆಮ್ಮಿನ ಭಾಗದಲ್ಲಿ. ಸರಕಾರಿ ಲಸಿಕೆಯಲ್ಲಿ ಇಡೀ ಬ್ಯಾಕ್ಟೀರಿಯವನ್ನು ಕೊಂದು ಬಳಸುವುದರಿಂದ ಜ್ವರ, ಊತ, ಅಳು ಹೆಚ್ಚು. ಖಾಸಗಿಯಲ್ಲಿ ಅದರ ಕೆಲವು ಅಂಶಗಳನ್ನಷ್ಟೇ ಬಳಸುವುದರಿಂದ ಮಗು ನೆಮ್ಮದಿಯಾಗಿರುತ್ತದೆ, ಆದರೆ ರಕ್ಷಣೆ ಬೇಗ ಕರಗುತ್ತದೆ. ಎರಡನೆಯ ಮಾತನ್ನು ಆ ಬೆಲೆಪಟ್ಟಿಯ ಜೊತೆ ಯಾರೂ ಹೇಳಲಿಲ್ಲ. ನಾವು ಉಚಿತವಾದದ್ದನ್ನೇ ಆರಿಸಿಕೊಂಡೆವು. ಎಡ ತೊಡೆಗೆ ಒಂದು, ಬಲ ತೊಡೆಗೆ ಒಂದು, ಬಲ ತೋಳಿಗೆ ಚರ್ಮದ ಪದರದೊಳಗೇ ಪೋಲಿಯೊದ ಪುಟ್ಟದೊಂದು, ಬಾಯಿಗೆ ಎರಡು ಬಗೆಯ ಹನಿ. ಸಿಸ್ಟರ್ ಅರ್ಧ ಗಂಟೆ ಅಲ್ಲೇ ಕೂರಲು ಹೇಳಿದರು. ತೀವ್ರ ಅಲರ್ಜಿ ಲಕ್ಷಾಂತರ ಡೋಸುಗಳಲ್ಲಿ ಒಂದಕ್ಕೆ ಬರುವಂಥದ್ದು, ಬಂದರೆ ಬಹುತೇಕ ಆ ಅರ್ಧ ಗಂಟೆಯೊಳಗೇ ಬರುವಂಥದ್ದು. ಆದ್ದರಿಂದ ದಯವಿಟ್ಟು ಊರಿನ ಲಸಿಕಾ ಶಿಬಿರಗಳಲ್ಲಿ ಬಸ್ಸು ತಪ್ಪುತ್ತದೆಂದು ಎದ್ದು ಓಡಬೇಡಿ. "ತಾಪ್ ಯೇಈಲ್, ಘಾಬರೂ ನಕಾ" (ಜ್ವರ ಬರುತ್ತದೆ, ಗಾಬರಿಯಾಗಬೇಡಿ) ಎಂದು ಅವರು ಹೇಳಿದ್ದು ಅಮ್ಮನಿಗೆ ಮರಾಠಿ ಬಾರದಿದ್ದರೂ ಅರ್ಥವಾಯಿತು. ರಾತ್ರಿ ಜ್ವರ ಬಂದೇ ಬಂತು. ಪ್ಯಾರಸಿಟಮಾಲ್ ಹನಿ ಹಾಕಿ ಬೆಳಗಿನವರೆಗೆ ಸರದಿಯಲ್ಲಿ ಎತ್ತಿಕೊಂಡು ತಿರುಗಿದೆವು. ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ನವೆಂಬರಿನಲ್ಲಿ ಮುಂಬೈಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತ ಸುದ್ದಿ ಟಿ.ವಿ.ಯಲ್ಲಿ ಬರತೊಡಗಿತು. ನನಗೆ ದಡಾರವೆಂದರೆ ಲಸಿಕೆಯ ಕಾರ್ಡಿನಲ್ಲಿನ ಒಂದು ಪದ. ಅಂಥ ಮಗುವನ್ನು ನಾನು ಕಣ್ಣಾರೆ ಕಂಡಿಲ್ಲ. ಅಮ್ಮ ಕಂಡಿದ್ದಳು. ಅವಳ ತಂಗಿಗೆ ದಡಾರ ಬಂದು ಕಿವಿ ಸೋರಿ, ಒಂದು ಕಿವಿ ಕೇಳದೇ ಹೋಯಿತಂತೆ. ಆಗ ಮನೆಬಾಗಿಲಿಗೆ ಬೇವು ಕಟ್ಟಿ ಕಾಯುವುದನ್ನು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ರೋಗವನ್ನು ನೋಡದ ನನ್ನ ತಲೆಮಾರಿಗೆ ಕಣ್ಣಿಗೆ ಬೀಳುವುದು ಸೂಜಿ ಮಾತ್ರ. ಆ ರಾತ್ರಿ ನಾನು ದಡಾರದ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. ವೈದ್ಯ ಸೌಲಭ್ಯ ಚೆನ್ನಾಗಿರುವ ದೇಶಗಳಲ್ಲೂ ದಡಾರ ಬಂದ ಸಾವಿರ ಮಕ್ಕಳಲ್ಲಿ ಒಬ್ಬರಿಂದ ಮೂವರು ಸಾಯುತ್ತಾರೆ, ಸುಮಾರು ಒಬ್ಬರಿಗೆ ಮೆದುಳಿನ ಉರಿಯೂತವಾಗುತ್ತದೆ. ಲಸಿಕೆಯಿಂದಾದರೆ ಮೂರು ನಾಲ್ಕು ಸಾವಿರ ಡೋಸುಗಳಲ್ಲಿ ಒಮ್ಮೆ ಜ್ವರದೊಂದಿಗೆ ಫಿಟ್ಸ್ ಬರಬಹುದು. ನೋಡುವವರ ಜೀವ ಹಾರಿಹೋದರೂ ಸಾಮಾನ್ಯವಾಗಿ ಅದು ಶಾಶ್ವತ ಹಾನಿಯನ್ನು ಉಳಿಸುವುದಿಲ್ಲ. ಆಟಿಸಂ ಬರುತ್ತದೆಂಬ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲಿ ಅಂಥ ನಂಟೇನೂ ಕಾಣಲಿಲ್ಲ.

"ಹಂಗಾದ್ರೆ ಇವಳಿಗೆ ದಡಾರದ್ದು ಹಾಕ್ಸೋದು ಯಾವಾಗ?" ಎಂದು ಅಮ್ಮ ಕೇಳಿದಳು. ಒಂಬತ್ತು ತಿಂಗಳಾಗಬೇಕು, ತಾಯಿಯಿಂದ ಬಂದ ಪ್ರತಿಕಾಯಗಳು ಇರುವವರೆಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ ಎಂದೆ. ಮಗಳಿಗೆ ಆಗ ನಾಲ್ಕು ತಿಂಗಳು. ದಡಾರದ ಹರಡುವಿಕೆಯನ್ನು ತಡೆಯಲು ನೂರರಲ್ಲಿ ತೊಂಬತ್ತೈದು ಮಂದಿಗೆ ರಕ್ಷಣೆಯಿರಬೇಕೆಂದು ಓದಿದ್ದೆ. ಉಳಿದ ಐದರೊಳಗೆ ನನ್ನ ಮಗಳೂ ಸೇರುತ್ತಾಳೆ, ಅವಳನ್ನು ಈ ಐದು ತಿಂಗಳು ಕಾಯಬೇಕಾದವರು ಬೇರೆಯವರ ಮಕ್ಕಳು ಎಂಬುದು ನನಗೆ ಹೊಳೆದದ್ದು ಅವತ್ತೇ. ನನ್ನ ತಕ್ಕಡಿಯಲ್ಲಿ ನಾನು ಆವರೆಗೆ ನನ್ನ ಮಗುವನ್ನು ಮಾತ್ರ ಇಟ್ಟಿದ್ದೆ.

ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿಗೆಂದು ಅಮ್ಮ ಊರಿಗೆ ಮರಳಿದಳು. 2023ರ ಏಪ್ರಿಲ್‌ನಲ್ಲಿ ಮಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಬಿದ್ದ ಸಂಜೆ ಫೋನು ಮಾಡಿ, ಯಾವ ತೋಳಿಗೆ ಎಂದು ಕೇಳಿದಳು. ಬಲಕ್ಕೆ ಎಂದೆ. "ಕೈ ಎತ್ತುತ್ತಾಳಾ?" ಎಂದಳು. ಎತ್ತುತ್ತಿದ್ದಾಳೆ, ಈಗಷ್ಟೇ ನನ್ನ ಕನ್ನಡಕ ಕಿತ್ತುಕೊಂಡಳು ಎಂದೆ. ಅತ್ತ ಅಮ್ಮ, ಲಸಿಕೆಯಿಲ್ಲದ ಆ ವರ್ಷ, ಆರೋಗ್ಯ ಇಲಾಖೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಂಡು ಸೊಪ್ಪಿನಬೆಟ್ಟಕ್ಕೆ ಹೋಗಿಬಂದು, ಬಿಸಿನೀರಿನಲ್ಲಿ ಮಿಂದು, ಸೀರೆಯ ಮಡಿಕೆಯಲ್ಲಿ ಉಣುಗು ಹುಡುಕುತ್ತ ಕೂತಿದ್ದಳು.