ಲಕ್ಸರ್ ಮ್ಯೂಸಿಯಂಗೆ ಗುಂಪು ಕರೆದೊಯ್ಯುವಾಗ: ಮಮ್ಮಿ ಕೊನೆಗೆ, ಕಲ್ಲು ಮೊದಲು

ಈಜಿಪ್ಟ್ ಟೂರ್ ಪ್ಲಾನ್ ಮಾಡುವವರು ಲಕ್ಸರ್ ಮ್ಯೂಸಿಯಂ ಅನ್ನು ದಿನದ ಬಾಲಕ್ಕೆ ಕಟ್ಟುತ್ತಾರೆ. ಬೆಳಿಗ್ಗೆ ರಾಜರ ಕಣಿವೆ, ಮಧ್ಯಾಹ್ನ ಕಾರ್ನಾಕ್ ದೇವಸ್ಥಾನ, ಆಮೇಲೆ ಅರ್ಧ ಗಂಟೆ ಮ್ಯೂಸಿಯಂ. ಕಾಲು ಸೋತ ಜನ ಬೆಂಚು ಹುಡುಕುತ್ತಾರೆ, "ಮಮ್ಮಿ ಎಲ್ಲಿ?" ಅಂತ ಕೇಳುತ್ತಾರೆ, ಅಲ್ಲಿಗೆ ಮುಗೀತು. ಈ ಕ್ರಮ ತಿರುಗಿಸಿ. ಹಿಂದಿನ ಸಂಜೆ ಮ್ಯೂಸಿಯಂಗೆ ಒಂದೂವರೆ ಗಂಟೆ ಇಡಿ, ಮರುದಿನ ಕಾರ್ನಾಕ್. ತೆರೆದಿರುವ ಸಮಯ ಆಗಾಗ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಒಳಗೆ ಕಾಲಿಟ್ಟ ಕೂಡಲೇ ವಿವರಣೆ ಶುರು ಮಾಡಬೇಡಿ. ಅಲ್ಲಿ ಬೆಳಕು ಕಮ್ಮಿ, ದೀಪಗಳೆಲ್ಲ ವಿಗ್ರಹಗಳ ಮೇಲೆ. ಹೊರಗಿನ ಬೆಳಕಿನಿಂದ ಬಂದ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕೇ ಬೇಕು.

1989ರಲ್ಲಿ ಲಕ್ಸರ್ ದೇವಸ್ಥಾನದ ಅಂಗಳ ಅಗೆದಾಗ ಸಿಕ್ಕ, ರಾಜ ಮೂರನೇ ಅಮೆನ್‌ಹೊಟೆಪ್‌ನ ಕೆಂಪು ಕ್ವಾರ್ಟ್‌ಜೈಟ್ ವಿಗ್ರಹದಿಂದ ಆರಂಭಿಸಿ. ಎತ್ತರ ಸುಮಾರು ಎರಡೂವರೆ ಮೀಟರ್. ಎಲ್ಲರೂ ಮುಖ ನೋಡುತ್ತಾರೆ. ನೀವು ಪಾದದ ಕೆಳಗೆ ತೋರಿಸಿ. ಅಲ್ಲಿ ಚಕ್ರವಿಲ್ಲದ, ಎಳೆಯುವ ಬಂಡಿಯ ಕೆತ್ತನೆ ಇದೆ. ಅಂದರೆ ಇದು ಉತ್ಸವಮೂರ್ತಿಯನ್ನೇ ಕಲ್ಲಲ್ಲಿ ಮತ್ತೆ ಕಡೆದದ್ದು. ಹೀಗಂದರೆ ನಮ್ಮ ಜನಕ್ಕೆ ಎರಡನೇ ಮಾತು ಬೇಡ. ಆಮೇಲೆ ಬರಹದ ಪಕ್ಕಕ್ಕೆ ಕರೆದು ನಿಲ್ಲಿಸಿ: ಅಮುನ್ ದೇವರ ಹೆಸರು ಬಂದಲ್ಲೆಲ್ಲ ಉಳಿ ಹಾಕಿ ಕೆತ್ತಿ ತೆಗೆದಿದ್ದಾರೆ. ಇದು ಅಮುನ್‌ನನ್ನು ಬಿಟ್ಟು ಸೂರ್ಯನನ್ನೇ ಪೂಜಿಸಿದ ಮಗ ಅಖೆನಾತೆನ್ ಕಾಲದ ಕೆಲಸ. ನೇರ ಎದುರು ನಿಂತರೆ ಇದು ಸರಿಯಾಗಿ ಕಾಣುವುದಿಲ್ಲ.

"ಹಳೇಬೀಡಿನ ಹಾಗೆ ಕುಸುರಿ ಯಾಕಿಲ್ಲ?" ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಹೊಯ್ಸಳರದ್ದು ಬಳಪದ ಕಲ್ಲು, ಉಳಿಗೆ ಬಗ್ಗುತ್ತದೆ. ಕ್ವಾರ್ಟ್‌ಜೈಟ್‌ಗೆ ತಾಮ್ರದ ಉಳಿ ಏನೂ ಮಾಡದು. ಗಟ್ಟಿ ಕಲ್ಲಿನ ಗುಂಡಿನಿಂದ ಜಜ್ಜಿ, ಮರಳು ಹಾಕಿ ಉಜ್ಜಬೇಕು. ಅದಕ್ಕೇ ಆ ನುಣುಪು, ಆ ದೊಡ್ಡ ದೊಡ್ಡ ಮೈಗಳು.

ಮುಂದೆ ಮೇಲಿನ ಮಹಡಿಯ ತಲತಾತ್ ಗೋಡೆ, ಅಂದರೆ ಒಂದೇ ಅಳತೆಯ ಸಣ್ಣ ಕಟ್ಟಡದ ಕಲ್ಲುಗಳ ಗೋಡೆ. ಅಖೆನಾತೆನ್ ಕಾರ್ನಾಕ್‌ನಲ್ಲಿ ಕಟ್ಟಿಸಿದ ಸೂರ್ಯ ದೇಗುಲದ 283 ಕಲ್ಲುಗಳನ್ನು ಜೋಡಿಸಿದ್ದು. ಒಂದೊಂದೂ ಸುಮಾರು 52 ಸೆಂ.ಮೀ. ಉದ್ದ, 26 ಸೆಂ.ಮೀ. ಅಗಲ, ಬೇಗ ಕಟ್ಟಲು ಮಾಡಿದ ಅಳತೆ, ಬೇಗ ಕೆಡವಲೂ ಅನುಕೂಲವಾಯಿತು. ಒಂದು ಕಡೆ ಸೂರ್ಯಕಿರಣಗಳ ತುದಿಗೆ ಪುಟ್ಟ ಕೈಗಳು, ಇನ್ನೊಂದು ಕಡೆ ಉಗ್ರಾಣ, ಕೆಲಸದ ಆಳುಗಳು. ಆಮೇಲೆ ಬಂದ ರಾಜ ಹೊರೆಂಹೆಬ್ ಆ ದೇಗುಲ ಕೆಡವಿಸಿ, ಈ ಕಲ್ಲುಗಳನ್ನು ಕಾರ್ನಾಕ್‌ನ ಒಂಬತ್ತನೇ ಪೈಲಾನಿನ (ದೊಡ್ಡ ಹೆಬ್ಬಾಗಿಲ ಗೋಪುರದ) ಹೊಟ್ಟೆಗೆ ತುಂಬಿಸಿದ. ಕೆಡವಿದ ಕ್ರಮದಲ್ಲೇ ತುಂಬಿದ್ದರಿಂದ ಮೇಲಿನ ಸಾಲು ಕೆಳಗೆ, ಕೆಳಗಿನದು ಮೇಲೆ ಸಿಕ್ಕಿತು; ಈ ಗೋಡೆ ಮತ್ತೆ ಕೂಡಿಬಂದದ್ದು ಅದರಿಂದಲೇ. ಅಳಿಸಲು ಹೋದವರೇ ಜೋಪಾನ ಮಾಡಿಟ್ಟ ಹಾಗಾಯಿತು! ಇಲ್ಲಿ ಇಪ್ಪತ್ತು ನಿಮಿಷ ನಿಂತರೂ ನಷ್ಟವಿಲ್ಲ.

ರಾಜ ಅಹ್ಮೋಸ್‌ನ ಮಮ್ಮಿಯನ್ನೂ, 2003ರಲ್ಲಿ ಅಟ್ಲಾಂಟಾದಿಂದ ವಾಪಸ್ ಬಂದ, ಒಂದನೇ ರಾಮ್ಸೆಸ್‌ನದೆಂದು ಗುರುತಿಸಿದ ಮಮ್ಮಿಯನ್ನೂ ಕೊನೆಗಿಡಿ. ಮೊದಲೇ ತೋರಿಸಿದರೆ ಗುಂಪಿನ ಅರ್ಧ ಜನ ಅಲ್ಲಿಂದಲೇ ಬಸ್ಸಿನತ್ತ ಹೊರಡುತ್ತಾರೆ.

ಮರುದಿನ ಕಾರ್ನಾಕ್‌ನಲ್ಲಿ ಕಂಬಗಳ ಹಾಲ್ ಮುಗಿದ ಮೇಲೆ ಗೈಡ್ ಹೊರಬಾಗಿಲಿನತ್ತ ತಿರುಗುವುದೇ ವಾಡಿಕೆ. ಒಂಬತ್ತನೇ ಪೈಲಾನ್ ಇರುವುದು ದಕ್ಷಿಣಕ್ಕೆ. ಅದನ್ನೂ ತೋರಿಸಬೇಕೆಂದು ಹಿಂದಿನ ರಾತ್ರಿಯೇ ಗೈಡ್‌ಗೆ ಹೇಳಿಡಿ. ಆ ಕಡೆ ಬಿಡದಿದ್ದರೆ ದೂರದಿಂದಲಾದರೂ ಬೊಟ್ಟು ಮಾಡಿ ತೋರಿಸಲಿ.